ಹಗ್ಗದ ತುದಿ ಕಟ್ಟೆ ಮೇಲೆ ಬಿಟ್ಟು ಮಲಗಿದ ರಾತ್ರಿ

ಹಾಯಿದೋಣಿಗಳನ್ನ ಒಂದು ಬಂದರಿಂದ ಇನ್ನೊಂದಕ್ಕೆ ನಡೆಸಿಕೊಂಡು ಹೋಗಿ ಮಾಲೀಕರಿಗೆ ತಲುಪಿಸೋದು ನನ್ನ ಕೆಲಸ. ಕ್ಯಾಪ್ಟನ್ ಒಬ್ರು, ಕ್ರ್ಯೂ ಅಂತ ನಾನೊಬ್ಬ, ಅಷ್ಟೇ ಜನ. ಇದು ಕೆಲಸಕ್ಕೆ ಸೇರಿದ ಮೊದಲನೇ ವರ್ಷದ್ದು, ಈಗ ನೆನೆಸ್ಕೊಂಡ್ರೆ ನಗು ಬರುತ್ತೆ, ಆವತ್ತು ಬಂದಿರಲಿಲ್ಲ.

ಹುಣ್ಣಿಮೆ ದಿನ, ರಾತ್ರಿ ಎಂಟಕ್ಕೆ ಒಂದು ಹಳೇ ಬಂದರಿನ ಕಲ್ಲಿನ ಪಿಯರ್ (ಹಡಗು ನಿಲ್ಲೋ ಕಟ್ಟೆ) ಪಕ್ಕ ಬಂದು ನಿಂತ್ವಿ. ದೋಣಿ 11 ಮೀಟರ್ ಉದ್ದ, 6 ಟನ್ ತೂಕ. ಉಬ್ಬರ ಹೆಚ್ಚುಕಮ್ಮಿ ತುಂಬಿತ್ತು, ಡೆಕ್ ಮೇಲಿಂದ ಕಟ್ಟೆ ಮೇಲಕ್ಕೆ ಒಂದೇ ಹೆಜ್ಜೆ. ಅದೇ ನೋಡಿ ಮೋಸ ಮಾಡಿದ್ದು. ಈ ಹಳೇ ಪಿಯರ್‌ಗಳನ್ನ ಕಟ್ಟಿದ್ದು ದೊಡ್ಡ ಸರಕಿನ ಹಡಗುಗಳಿಗೆ, ನಮ್ಮಂಥ ಸಣ್ಣ ದೋಣಿಗಲ್ಲ. ಗೋಡೆ ಎತ್ತರ, ಹಗ್ಗ ಹಾಕೋ ಗಿಡ್ಡ ಕಂಬಗಳಾದ ಬೊಲಾರ್ಡ್‌ಗಳು ಒಂದಕ್ಕೊಂದು ದೂರ ದೂರ (ಕೆಲವು ಬಂದರುಗಳಲ್ಲಿ ಹಳೇ ಫಿರಂಗಿಯನ್ನೇ ಅರ್ಧ ಹೂತು ಬೊಲಾರ್ಡ್ ಮಾಡಿರ್ತಾರೆ, ಅಂಥದ್ದಕ್ಕೆ ಹಗ್ಗ ಹಾಕೋಕೆ ಒಂಥರಾ ಖುಷಿ). ಮಧ್ಯದಲ್ಲಿ ಅಲ್ಲಲ್ಲಿ ಕಬ್ಬಿಣದ ರಿಂಗ್ ಇರುತ್ತೆ, ಅದನ್ನ ನಂಬೋಕೆ ಮುಂಚೆ ಎತ್ತಿ ತಿರುಗಿಸಿ ನೋಡ್ಬೇಕು, ಮೇಲ್ಗಡೆ ಬೆರಳಷ್ಟು ದಪ್ಪ ಇದ್ರೂ ಗೋಡೆಯ ಕೊಂಡಿಗೆ ಉಜ್ಜೋ ಜಾಗದಲ್ಲಿ ತುಕ್ಕು ತಿಂದು ಪೆನ್ಸಿಲ್ ಥರ ಸವೆದಿರುತ್ತೆ. ನಾನು ತಿರುಗಿಸಿ ನೋಡ್ದೆ, ಗಟ್ಟಿ ಇತ್ತು. ಅಷ್ಟು ಮಟ್ಟಿಗೆ ಬುದ್ಧಿ ಇತ್ತು.

ಮುಂದಿನ ಹಗ್ಗವನ್ನ ಕ್ಯಾಪ್ಟನ್ ದೂರದ ಬೊಲಾರ್ಡ್‌ಗೆ ಹಾಕಿದ್ರು. ಹಿಂದಿನ ಹಗ್ಗ ನನ್ನ ಪಾಲು. ಹಿಂದ್ಗಡೆ ಬೊಲಾರ್ಡ್ ತನಕ ಯಾರು ನಡೀತಾರೆ ಅಂತ ಎದುರಿಗೇ ಇದ್ದ ರಿಂಗ್‌ಗೆ ಬೋಲೈನ್ (ಜಾರದ ಕುಣಿಕೆ) ಗಂಟು ಹಾಕಿ, ಇನ್ನೊಂದು ತುದಿಯ ಹೊಲಿದ ಕುಣಿಕೆಯನ್ನ ದೋಣಿಯ ಮೇಲೆ ಹಗ್ಗ ಸುತ್ತೋಕೆ ಇರೋ ಎರಡು ಕೊಂಬಿನ ಕ್ಲೀಟ್‌ಗೆ ಸಿಗಿಸಿ, ಬಿಗಿಯಾಗಿ ನೀಟಾಗಿ ಕಾಣ್ಲಿ ಅಂತ ಎಳೆದು ಕಟ್ದೆ. ಮೂರು ಮೀಟರ್ ಹಗ್ಗ, ಎರಡೂ ತುದಿ ಫಿಕ್ಸ್. ಕ್ಯಾಪ್ಟನ್ ಇಂಜಿನ್ ನೋಡೋಕೆ ಕೆಳಗೆ ಹೋಗಿದ್ರು, ಆಯ್ತಾ ಅಂತ ಕೇಳಿದ್ರು, ಆಯ್ತು ಸರ್ ಅಂದೆ.

ರಾತ್ರಿ ಹನ್ನೆರಡಕ್ಕೆ ಎಚ್ಚರ ಆಗಿದ್ದು ಸದ್ದಿಗೆ. ಹಳೇ ಮರದ ಬಾಗಿಲು ನಿಧಾನಕ್ಕೆ ತೆಗೆದಂಗೆ ಕಿರ್ರ್ ಅಂತ ಎಳೀತಿತ್ತು, ಟೇಬಲ್ ಮೇಲಿದ್ದ ಲೋಟ ಜಾರಿ ಬಿತ್ತು. ಮೇಲೆ ಬಂದು ಟಾರ್ಚ್ ಹಾಕಿದ್ರೆ ಕಟ್ಟೆ ನನ್ನ ತಲೆಗಿಂತ ಮೇಲಿದೆ, ದೋಣಿಯ ಹಿಂಭಾಗ ಗೋಡೆ ಕಡೆ ವಾಲಿಕೊಂಡು ಆ ಒಂದು ಹಗ್ಗದಲ್ಲಿ ನೇತಾಡ್ತಿದೆ, ಹಗ್ಗ ಹಿಂಡಿದ ಬಟ್ಟೆ ಥರ ಸಣ್ಣಗಾಗಿ ನೀರು ಒಸರ್ತಿದೆ.

ಲೆಕ್ಕ ಹೇಳ್ತೀನಿ, ಯಾಕಂದ್ರೆ ನಂಗೆ ಇದು ಆಮೇಲೆ ಪೇಪರ್ ಮೇಲೆ ಬರೆದಾಗ್ಲೇ ತಲೆಗೆ ಹೋಗಿದ್ದು. ಆ ರಾತ್ರಿ ನೀರು ಇಳಿಯೋದಿತ್ತು 4 ಮೀಟರ್. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸಾಮಾನ್ಯವಾಗಿ 12 ಗಂಟೆ 25 ನಿಮಿಷ, ಅಂದ್ರೆ ಇಳಿಯೋಕೆ ಆರು ಗಂಟೆ ಚಿಲ್ಲರೆ, ಆದ್ರೆ ಸಮನಾಗಿ ಇಳಿಯಲ್ಲ, ಅಂದಾಜಿಗೆ 12 ಭಾಗ ಮಾಡಿದ್ರೆ ಮೊದಲ ಗಂಟೆ 1 ಭಾಗ, ಆಮೇಲೆ 2, 3, 3, 2, 1. ಮಲಗೋ ಟೈಮಲ್ಲಿ ಏನೂ ಆಗಿಲ್ಲ ಅನ್ಸುತ್ತೆ, ಗೊರಕೆ ಹೊಡೆಯೋ ಟೈಮಲ್ಲಿ ಗಂಟೆಗೊಂದು ಮೀಟರ್ ಹೋಗುತ್ತೆ. ಈಗ ಹಗ್ಗ. 3 ಮೀಟರ್ ಹಗ್ಗ, ನೀರು 4 ಮೀಟರ್ ಇಳಿದ್ರೆ ಓರೆಯಾಗಿ ಬೇಕಾಗೋದು 5 ಮೀಟರ್, ಅಂದ್ರೆ 2 ಮೀಟರ್ ಕಮ್ಮಿ. ಅದೇ 12 ಮೀಟರ್ ದೂರದ ಬೊಲಾರ್ಡ್‌ಗೆ ಹಾಕಿದ್ರೆ ಬೇಕಾಗೋದು 12.65, ಬರೀ 65 ಸೆಂಟಿಮೀಟರ್ ಜಾಸ್ತಿ, ಸ್ವಲ್ಪ ಸಡಿಲ ಬಿಟ್ಟು ನೈಲಾನ್ ಹಿಗ್ಗೋದನ್ನೂ ಸೇರ್ಸಿದ್ರೆ ಅಲ್ಲಿಗಲ್ಲಿಗೆ ಸರಿ ಹೋಗುತ್ತೆ. ಶಾಲೆಯಲ್ಲಿ ಪೈಥಾಗೊರಸ್ ಯಾಕೆ ಕಲಿಸ್ತಾರೆ ಅಂತ ಗೊಣಗಿದ್ದವನು ನಾನು. ಕ್ಯಾಪ್ಟನ್ ಹಾಕಿದ್ದ ಹಗ್ಗ ಆರಾಮಾಗಿ ಇತ್ತು ಅಂತ ಬೇರೆ ಹೇಳ್ಬೇಕಿಲ್ಲ.

ನಾನು ಚಾಕು ತೆಗೆದೆ. ಕ್ಯಾಪ್ಟನ್ ಚಡ್ಡಿಯಲ್ಲೇ ಮೇಲೆ ಬಂದವರು ಕೈ ಹಿಡಿದು, "ಒಳಗಿಡೋ ಅದನ್ನ, ಕತ್ತರಿಸಿದ್ರೆ ಅದರ ತುದಿ ನಿನ್ನ ಮುಖಕ್ಕೇ ಬಡಿಯುತ್ತೆ" ಅಂದ್ರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ, "ಬಿಚ್ಚೋ ತುದಿ ಎಲ್ಲಿದೆ?" ಕಟ್ಟೆ ಮೇಲೆ ಸರ್. ಸುಮ್ನಾದ್ರು. ಬೈದಿದ್ರೇ ವಾಸಿ ಇತ್ತು.

ಬೋಲೈನ್ ಒಳ್ಳೇ ಗಂಟೇ, ಆದ್ರೆ ಭಾರ ಬಿದ್ದಿರೋವಾಗ ಬಿಚ್ಚಕ್ಕಾಗಲ್ಲ. ಕ್ಲೀಟ್ ಕಡೆ ಕುಣಿಕೆಯೂ ಕಚ್ಕೊಂಡಿತ್ತು. ಮೊದಲು ನಾನು ಉದ್ದದ ಹಗ್ಗ ಹೆಗಲಿಗೆ ಹಾಕ್ಕೊಂಡು ಗೋಡೆಯ ಏಣಿ ಹತ್ತಿದೆ, ಕೆಳಗಿನ ಮೆಟ್ಟಿಲೆಲ್ಲಾ ಪಾಚಿ, ಹಿಡಿದ್ರೆ ಲೋಳೆ. ಹಿಂದಿನ ಬೊಲಾರ್ಡ್‌ಗೆ ಸುತ್ತು ಹಾಕಿ ಎರಡೂ ತುದಿ ದೋಣಿಗೆ ವಾಪಸ್ ಕೊಟ್ಟೆ. ಆಮೇಲೆ ಕ್ಯಾಪ್ಟನ್, ಬಿಗಿದು ನಿಂತಿದ್ದ ನನ್ನ ಹಗ್ಗದ ಮೇಲೆ ಇನ್ನೊಂದು ಹಗ್ಗದಿಂದ ರೋಲಿಂಗ್ ಹಿಚ್ ಹಾಕಿದ್ರು, ಎಳೆದಷ್ಟೂ ಜಾರದೆ ಕಚ್ಚೋ ಗಂಟು ಅದು, ಅದರ ತುದಿಯನ್ನ ಹಾಯಿ ಎಳೆಯೋ ವಿಂಚ್‌ಗೆ ಸುತ್ತಿ ತಿರುಗಿಸಿದ್ರು. ಅರ್ಧ ಗೇಣು ಬಂದಿರಬೇಕು, ಕುಣಿಕೆ ಸಡಿಲ ಆಯ್ತು, ಕ್ಲೀಟಿಂದ ಎತ್ತಿ ತೆಗೆದು ವಿಂಚಿಂದ ಇಷ್ಟಿಷ್ಟೇ ಬಿಟ್ರು. ದೋಣಿ ಉಸಿರು ಬಿಟ್ಟಂಗೆ ನೀರಿಗೆ ಕೂತ್ಕೊಳ್ತು.

ಅವತ್ತಿಂದ ನನ್ನ ಅಭ್ಯಾಸ, ಗಂಟು ಅಥವಾ ಕುಣಿಕೆ ದಡದಲ್ಲಿ, ಬಿಡೋ ತುದಿ ಯಾವಾಗ್ಲೂ ದೋಣಿ ಮೇಲೆ, ಕ್ಲೀಟ್‌ಗೆ ಒಂದು ಪೂರ್ತಿ ಸುತ್ತು, ಮೇಲೆ ಎಂಟರ ಆಕಾರ. ಇಳಿತದ ಮೂರನೇ ಗಂಟೆಗೆ ಅಲಾರ್ಮ್. ಕಲ್ಲಿನ ಅಂಚಿಗೆ ಉಜ್ಜೋ ಕಡೆ ಹಗ್ಗಕ್ಕೆ ಹಳೇ ಪೈಪ್ ತುಂಡು. ಗೋಡೆಗೆ ಮರದ ಕಂಬಗಳಿದ್ರೆ ಫೆಂಡರ್ (ದೋಣಿ ಗೋಡೆಗೆ ಉಜ್ಜದಂಗೆ ನೇತುಹಾಕೋ ದಿಂಬಿನಂಥದ್ದು) ಕಂಬದ ಸಂದಿಗೆ ಜಾರಿ ಕೆಲಸಕ್ಕೆ ಬರಲ್ಲ, ಎರಡು ಫೆಂಡರ್ ಹೊರಗಡೆ ಅಡ್ಡಕ್ಕೆ ಒಂದು ಹಲಗೆ ನೇತುಹಾಕ್ಬೇಕು. ಮುಖ್ಯವಾಗಿ, ಆಯ್ತಾ ಅಂತ ಕೇಳಿದ್ರೆ ಬರೀ ಆಯ್ತು ಅನ್ನಲ್ಲ, ಯಾವ ಹಗ್ಗ ಎಲ್ಲಿಗೆ, ಎಷ್ಟು ಸಡಿಲ ಅಂತ ಹೇಳ್ತೀನಿ, ಕೇಳೋರಿಗೆ ಬೋರಾದ್ರೂ.

ಬೆಳಿಗ್ಗೆ ಉಬ್ಬರ ಮತ್ತೆ ತುಂಬಿದಾಗ ಕಟ್ಟೆ ಮೇಲೆ ಹೋಗಿ ರಿಂಗಲ್ಲೇ ಉಳಿದಿದ್ದ ನನ್ನ ಗಂಟು ನೋಡ್ದೆ. ಗಂಟಿನ ಬೆನ್ನಿಗೆ ಹೆಬ್ಬೆರಳು ಒತ್ತಿದೆ, ಏನೂ ಗಲಾಟೆ ಇಲ್ದೆ ಬಿಚ್ಕೊಂಡ್ಬಿಡ್ತು.