ಬಳ್ಳಿಯಲ್ಲಿ ನೆಲೆಗೊಂಡಿರುವುದೆಂದರೆ

ಈ ವರ್ಷ ಈಸ್ಟರ್ ಹಬ್ಬ ಮುಗಿದ ಮೇಲೆ ಒಂದು ಶನಿವಾರ, ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರ ತಂದೆಯವರ ದ್ರಾಕ್ಷಿ ತೋಟಕ್ಕೆ ಹೋಗಿದ್ದೆ. ವಿಜಯಪುರದಿಂದ ಅಥಣಿಯ ಕಡೆಗೆ ಹೋಗುವ ರಸ್ತೆಯಲ್ಲಿ, ತಿಕೋಟಾ ದಾಟಿದ ಮೇಲೆ ಆ ತೋಟವಿದೆ. ಫೆಬ್ರುವರಿಯಲ್ಲಿ ಅಲ್ಲಿಗೆ ಹೋದಾಗ ಚಪ್ಪರದ ತುಂಬ ಗೊನೆಗಳು ಇಳಿಬಿದ್ದಿದ್ದವು. ತಲೆ ಬಗ್ಗಿಸದೆ ಸಾಲಿನೊಳಗೆ ನಡೆಯಲು ಸಾಧ್ಯವಿರಲಿಲ್ಲ. ಈಗ ಏಪ್ರಿಲ್ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ನಡೆದಿತ್ತು. ಆಳುಗಳು ಕತ್ತರಿ ಹಿಡಿದು ಸಾಲಿನಿಂದ ಸಾಲಿಗೆ ಹೋಗುತ್ತಿದ್ದರು, ಅವರು ದಾಟಿ ಹೋದ ಕಡೆಯಲ್ಲೆಲ್ಲ ದಪ್ಪ ಕಾಂಡ, ತಂತಿಗೆ ಕಟ್ಟಿದ ನಾಲ್ಕಾರು ತೋಳು, ಒಂದೋ ಎರಡೋ ಕಣ್ಣು (ಚಿಗುರೊಡೆಯುವ ಮೊಗ್ಗು) ಉಳಿಸಿದ ಮೋಟು ಕಡ್ಡಿಗಳು ಮಾತ್ರ ಉಳಿದಿದ್ದವು. ಕಡಿದ ಹಸಿರೆಲ್ಲ ಕಾಲಿನ ಕೆಳಗೆ ಬಿದ್ದು ಬಾಡುತ್ತಿತ್ತು. ನಾನು ಸುಮ್ಮನೆ ನಿಂತದ್ದನ್ನು ಕಂಡು ಆ ಹಿರಿಯರು ಹೇಳಿದರು: "ಹಸರು ನೋಡಾಕ ಚಂದ ಕಾಣತೈತ್ರಿ ಮಾಸ್ತರ. ಆದ್ರ ಈಗ ಕಡೀಲಿಲ್ಲಂದ್ರ ಮುಂದ ಗೊನಿ ಬರೂದಿಲ್ಲ."

ಆ ಮಾತು ನನ್ನೊಳಗೆ ಎಲ್ಲಿಗೆ ಹೋಗಿ ತಾಗಿತೆಂಬುದು ಅವರಿಗೆ ಗೊತ್ತಿರಲಿಲ್ಲ. ಹಿಂದಿನ ಎರಡು ವರ್ಷಗಳಿಂದ ನನ್ನ ಪ್ರಾರ್ಥನೆ ಒಣಗಿಹೋಗಿತ್ತು. ಹೊರಗಿನಿಂದ ನೋಡಿದವರಿಗೆ ಅದು ತಿಳಿಯುವಂತಿರಲಿಲ್ಲ, ಏಕೆಂದರೆ ನಮ್ಮ ಚರ್ಚಿನ ಸಭೆಯ ಕೆಲಸಗಳಲ್ಲಿ ನಾನು ಎಂದಿಗಿಂತ ಹೆಚ್ಚು ತೊಡಗಿದ್ದೆ. ಭಾನುವಾರದ ಮಕ್ಕಳ ಶಾಲೆ, ಗಾಯನ ತಂಡ, ಬುಧವಾರ ಯಾರದಾದರೂ ಮನೆಯಲ್ಲಿ ಸೇರುವ ಪ್ರಾರ್ಥನಾಕೂಟ, ಕ್ರಿಸ್‌ಮಸ್ ಸಿದ್ಧತೆ, ವಾರ್ಷಿಕ ಸಭೆಯ ಲೆಕ್ಕಪತ್ರ ಎಲ್ಲದರಲ್ಲೂ ನನ್ನ ಕೈಯಿತ್ತು. ಆದರೆ ರಾತ್ರಿ ಮಲಗುವ ಮುಂಚೆ ಕಣ್ಣು ಮುಚ್ಚಿದರೆ ದೇವರಿಗೆ ಹೇಳಲು ನನ್ನ ಬಳಿ ಒಂದು ಮಾತೂ ಇರುತ್ತಿರಲಿಲ್ಲ. ಇತರರ ಮುಂದೆ ನಿಂತು ದೀರ್ಘವಾಗಿ ಪ್ರಾರ್ಥಿಸಬಲ್ಲ ನಾನು ಒಬ್ಬನೇ ಇದ್ದಾಗ ಮೂಕನಾಗುತ್ತಿದ್ದೆ. ಇಷ್ಟು ದುಡಿಯುತ್ತಿದ್ದೇನಲ್ಲ, ಇದೇ ಸಾಕು ಎಂದು ಮನಸ್ಸಿಗೆ ಹೇಳಿಕೊಂಡು ಮಲಗುತ್ತಿದ್ದೆ.

ಆ ಶನಿವಾರ ರಾತ್ರಿ ಮನೆಗೆ ಬಂದು ಯೋಹಾನನ ಸುವಾರ್ತೆಯ 15ನೇ ಅಧ್ಯಾಯವನ್ನು ತೆರೆದೆ. ಯೇಸು ತನ್ನನ್ನು ದ್ರಾಕ್ಷಿಯ ಬಳ್ಳಿಯೆಂದೂ ಶಿಷ್ಯರನ್ನು ಕೊಂಬೆಗಳೆಂದೂ ತಂದೆಯನ್ನು ತೋಟಗಾರನೆಂದೂ ಕರೆಯುವ ಭಾಗವಿದು. ಶತ್ರುಗಳ ಕೈಗೆ ಹಿಡಿದುಕೊಡಲ್ಪಟ್ಟ ರಾತ್ರಿ ಆತನು ಶಿಷ್ಯರಿಗೆ ಹೇಳಿದ ಮಾತುಗಳಲ್ಲಿ ಇವೂ ಸೇರಿವೆ. ಇದನ್ನು ನಾನು ಮಕ್ಕಳಿಗೆ ಎಷ್ಟೋ ಸಲ ಕಲಿಸಿದ್ದೇನೆ. ಆದರೆ ಕತ್ತರಿಯ ಸಪ್ಪಳ ಇನ್ನೂ ಕಿವಿಯಲ್ಲಿರುವಾಗ ಓದಿದ್ದು ಇದೇ ಮೊದಲು.

ನಮ್ಮ ಕನ್ನಡ ಬೈಬಲಿನಲ್ಲಿ ಈ ಭಾಗದ ಮುಖ್ಯ ಪದವೆಂದರೆ ನೆಲೆಗೊಂಡಿರುವುದು. ಗ್ರೀಕ್ ಮೂಲದಲ್ಲಿ 4ರಿಂದ 10ನೇ ವಚನದೊಳಗೆ ಆ ಒಂದೇ ಕ್ರಿಯಾಪದ ಹತ್ತು ಸಲ ಬರುತ್ತದೆ. ಕನ್ನಡದ ಪದ ನನಗೆ ಇನ್ನೂ ಹತ್ತಿರವಾಗಿ ಕಾಣುತ್ತದೆ. ಊರು ಬಿಟ್ಟು ಬಂದವನಿಗೆ ಒಂದು ಮನೆ, ಒಂದು ಕೆಲಸ, ನಾಲ್ಕು ಜನರ ಪರಿಚಯ ಸಿಕ್ಕಾಗ ಅವನಿಗೆ ನೆಲೆ ಸಿಕ್ಕಿತು ಎನ್ನುತ್ತೇವೆ. ಬಂದು ಹೋಗುವವನಿಗೆ ನೆಲೆಯಿಲ್ಲ. ನಾನು ದೇವರ ಬಳಿಗೆ ಬಂದು ಹೋಗುವವನಾಗಿದ್ದೆ; ಕೆಲಸದ ಮೇಲೆ ಬಂದು, ಕೆಲಸ ಮುಗಿಸಿ, ಚಪ್ಪಲಿ ಮೆಟ್ಟಿಕೊಂಡು ಹೊರಡುವವನಂತೆ. ದೇವರ ಸಮೀಪಕ್ಕೆ ಬನ್ನಿರಿ, ಆಗ ಆತನು ನಿಮ್ಮ ಸಮೀಪಕ್ಕೆ ಬರುವನೆಂದು ಯಾಕೋಬನ ಪತ್ರಿಕೆ ಹೇಳುತ್ತದೆ. ಸಮೀಪಕ್ಕೆ ಬಂದ ಮೇಲೆ ಅಲ್ಲಿಯೇ ಉಳಿಯಬೇಕೆಂಬುದನ್ನು ಯೋಹಾನನ ಈ ಅಧ್ಯಾಯ ನನಗೆ ಕಲಿಸಿತು.

ಇನ್ನೊಂದು ಮಾತು ಅದೇ ರಾತ್ರಿ ನನ್ನನ್ನು ಹಿಡಿದು ನಿಲ್ಲಿಸಿತು. ಎರಡನೆಯ ವಚನದಲ್ಲಿ ತಂದೆಯು ಫಲ ಕೊಡುವ ಕೊಂಬೆಯನ್ನು ಶುದ್ಧಿಮಾಡುತ್ತಾನೆ ಎಂದಿದೆ. ಚಾಟ್ನಿ ಮಾಡುವುದಕ್ಕೆ ಅಲ್ಲಿ ಬಳಸಿರುವ ಪದವೇ ಅದು. ಮೂರನೆಯ ವಚನದಲ್ಲಿ, ನಾನು ಹೇಳಿದ ವಾಕ್ಯದ ಮೂಲಕ ನೀವು ಈಗಾಗಲೇ ಶುದ್ಧರಾಗಿದ್ದೀರಿ ಎಂದು ಯೇಸು ಹೇಳುತ್ತಾನೆ. ಗ್ರೀಕಿನಲ್ಲಿ ಈ ಎರಡೂ ಪದಗಳ ಮೂಲ ಒಂದೇ. ಅಂದರೆ ತೋಟಗಾರನ ಕೈಯಲ್ಲಿರುವ ಕತ್ತರಿ ಆತನ ವಾಕ್ಯ. ಇದನ್ನು ಇಲ್ಲಿ ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಅವ್ವ ತೀರಿಕೊಂಡಾಗ, ದೇವರು ನಿನ್ನನ್ನು ಕತ್ತರಿಸಿ ಸರಿಮಾಡುತ್ತಿದ್ದಾನೆ ಎಂದು ಒಬ್ಬಿಬ್ಬರು ನನಗೆ ಸಮಾಧಾನ ಹೇಳಲು ಬಂದಿದ್ದರು. ಅವರ ಮನಸ್ಸು ಒಳ್ಳೆಯದೇ ಆಗಿತ್ತು, ಆದರೆ ಆ ಮಾತು ನನಗೆ ಸರಿಯೆನಿಸಲಿಲ್ಲ, ಇಂದಿಗೂ ಸರಿಯೆನಿಸುವುದಿಲ್ಲ. ಒಬ್ಬ ತಾಯಿಯ ಸಾವನ್ನು ಮಗನ ಮೇಲೆ ಆಡಿಸುವ ಕತ್ತರಿಯನ್ನಾಗಿ ಮಾಡುವ ದೇವರು ಈ ಅಧ್ಯಾಯದಲ್ಲಿ ಇಲ್ಲ. ಇಲ್ಲಿ ಕಡಿಯುವುದು ವಾಕ್ಯ, ಮತ್ತು ಅದು ಕಡಿಯುವುದು ನನ್ನಲ್ಲಿ ಬೆಳೆದು ನಿಂತ ಬೇಡದ ಹಸಿರನ್ನು.

ನನ್ನ ಮಟ್ಟಿಗೆ ಆ ಹಸಿರು ಯಾವುದೆಂಬುದು ನನಗೆ ಮೊದಲಿನಿಂದಲೂ ತಿಳಿದಿತ್ತು. ಅವ್ವನ ಕೊನೆಯ ತಿಂಗಳುಗಳಲ್ಲಿ ಆಸ್ಪತ್ರೆಯ ಖರ್ಚಿಗೆ ಹಣ ಸಾಲದೆ ಬಂದಾಗ, ಅವಳ ಒಂದು ಜೊತೆ ಪಾಟ್ಲಿಯನ್ನು (ಬಂಗಾರದ ಬಳೆ) ನಾನು ಮಾರಿದೆ. ಅವಳ ಒಪ್ಪಿಗೆ ಇತ್ತು, ಆದರೆ ತಮ್ಮನನ್ನು ಕೇಳಲಿಲ್ಲ. ಮಣ್ಣು ಕೊಟ್ಟು ಬಂದ ಮೂರನೆಯ ದಿನ ಅವನು ಆ ವಿಷಯ ಎತ್ತಿದ, ಹಣದ ಲೆಕ್ಕ ಕೇಳಲಿಲ್ಲ, ನನಗೊಂದು ಮಾತು ಯಾಕೆ ಹೇಳಲಿಲ್ಲ ಎಂದಷ್ಟೇ ಕೇಳಿದ. "ನೀ ಆಸ್ಪತ್ರಿಗೆ ಬಂದಿದ್ರ ಹೇಳ್ತಿದ್ದೆ" ಎಂದೆ. ಮನೆ ತುಂಬ ಬಂಧುಗಳಿದ್ದರು. ಅವನು ಎದ್ದು ಹೋದ. ಅವನಿಗೆ ಆ ದಿನಗಳಲ್ಲಿ ರಜೆ ಸಿಗುತ್ತಿರಲಿಲ್ಲವೆಂಬುದು ನನಗೆ ಗೊತ್ತಿದ್ದೇ ನಾನು ಆ ಮಾತನ್ನು ಆಡಿದ್ದೆ. ಅದಾದ ಮೇಲೆ ಎರಡು ವರ್ಷ ಒಂದೇ ಊರಿನಲ್ಲಿದ್ದೂ ನಾವು ಮಾತನಾಡಲಿಲ್ಲ. ಅವನು ಆರಾಧನೆಗೆ ಬರುವುದನ್ನೂ ಬಿಟ್ಟ.

ಮತ್ತಾಯನ ಸುವಾರ್ತೆಯ 5ನೇ ಅಧ್ಯಾಯದ 23 ಮತ್ತು 24ನೇ ವಚನಗಳನ್ನು ನಾನು ಮರೆತಿದ್ದೆನೆಂದಲ್ಲ. ಕಾಣಿಕೆಯನ್ನು ಯಜ್ಞವೇದಿಯ ಬಳಿಗೆ ತಂದಾಗ ಸಹೋದರನ ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಹೋಗಿ ಮೊದಲು ಅವನೊಂದಿಗೆ ಒಂದಾಗು ಎಂಬ ಮಾತು ಅದು. ಆದರೆ ಅದನ್ನು ನಾನು ನನ್ನ ಅನುಕೂಲಕ್ಕೆ ತಕ್ಕಂತೆ ಓದುತ್ತಿದ್ದೆ. ನನಗೆ ಅವನ ಮೇಲೆ ಸಿಟ್ಟಿಲ್ಲ, ನಾನು ಅವನನ್ನು ಕ್ಷಮಿಸಿದ್ದೇನೆ, ಆದ್ದರಿಂದ ನನ್ನ ಕಡೆಯಿಂದ ಎಲ್ಲವೂ ಸರಿಯಿದೆ ಎಂದುಕೊಳ್ಳುತ್ತಿದ್ದೆ. ಆ ರಾತ್ರಿ ವಚನವನ್ನು ಮತ್ತೊಮ್ಮೆ ನಿಧಾನವಾಗಿ ಓದಿದಾಗ, ಯೇಸು ಅಲ್ಲಿ ನನ್ನ ಸಿಟ್ಟಿನ ವಿಷಯವನ್ನು ಎತ್ತಿಯೇ ಇಲ್ಲವೆಂದು ಕಂಡಿತು. ಸಹೋದರನಿಗೆ ನಿನ್ನ ಮೇಲೆ ಏನಾದರೂ ಇದ್ದರೆ ಎಂದು ಆತನು ಹೇಳುತ್ತಾನೆ. ನೋವಾದದ್ದು ತಮ್ಮನಿಗೆ. ಆ ಎರಡು ವರ್ಷ ಪ್ರತಿ ತಿಂಗಳೂ ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಮುಂದೆ ಹೋಗಿ ಮೊಣಕಾಲೂರಿ ಕೈ ಚಾಚಿದವನು ನಾನು.

ಮರುದಿನ ಭಾನುವಾರ, ಆರಾಧನೆ ಮುಗಿದ ಮೇಲೆ ಮನೆಗೆ ಹೋಗದೆ ಸೋಲಾಪುರ ರಸ್ತೆಯ ಕಡೆಗಿರುವ ತಮ್ಮನ ಮನೆಗೆ ಹೋದೆ. ಬಾಗಿಲು ತೆರೆದವಳು ಅವನ ಮಗಳು. ಅವಳು ಒಳಗೆ ಓಡಿ "ದೊಡ್ಡಪ್ಪ ಬಂದಾನ" ಎಂದು ಕೂಗಿದಳು, ಆ ಕೂಗಿನ ನಂತರ ಮನೆಯೊಳಗೆ ಸ್ವಲ್ಪ ಹೊತ್ತು ಯಾವ ಸಪ್ಪಳವೂ ಇರಲಿಲ್ಲ. ಅವನು ಹೊರಗೆ ಬಂದು ಕುರ್ಚಿ ಸರಿಸಿದ. ದಾರಿಯುದ್ದಕ್ಕೂ ನಾನು ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. "ಅವತ್ತ ನಾ ಹಂಗ ಅನಬಾರದಿತ್ತು. ಪಾಟ್ಲಿ ವಿಷಯಾನೂ ನಿನಗ ಹೇಳಬೇಕಿತ್ತು. ತಪ್ಪಾತು" ಎಂದಷ್ಟೇ ಹೇಳಿದೆ. ಅವನು ನನ್ನ ಕಡೆ ನೋಡಲಿಲ್ಲ. ಬಹಳ ಹೊತ್ತಾದ ಮೇಲೆ, ಅವ್ವ ಕೊನೆಯ ದಿನ ತನ್ನ ಹೆಸರು ತೆಗೆದಳೇ ಎಂದು ಕೇಳಿದ. ತೆಗೆದಿದ್ದಳು. ಅವನು ಉಂಡನೋ ಇಲ್ಲವೋ ಎಂದು ಎರಡು ಸಲ ಕೇಳಿದ್ದಳು. ಈ ಮಾತನ್ನು ಅವನಿಗೆ ತಲುಪಿಸದೆ ಎರಡು ವರ್ಷ ನಾನು ನನ್ನ ಬಳಿಯೇ ಇಟ್ಟುಕೊಂಡಿದ್ದೆ.

ಎಲ್ಲವೂ ಆ ದಿನವೇ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಮಾತು ಈಗಲೂ ತೂಕ ಮಾಡಿ ಆಡುವಂತಿದೆ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಕುಳಿತಾಗ ವಿಶೇಷ ಆನಂದವೇನೂ ಉಕ್ಕಿ ಬರಲಿಲ್ಲ. ಆದರೆ ಕರ್ತನು ಕಲಿಸಿದ ಪ್ರಾರ್ಥನೆಯನ್ನು ಹೇಳಲು ತೊಡಗಿ "ನಮ್ಮ ತಂದೆಯೇ" ಎಂದಾಗ, ನಮ್ಮ ಎಂಬ ಪದದಲ್ಲಿ ತಮ್ಮನೂ ಸೇರಿದ್ದಾನೆಂಬುದು ಗಮನಕ್ಕೆ ಬಂತು. ಎರಡು ವರ್ಷ ಆ ಪದವನ್ನು ನಾನು ಹೇಗೆ ಉಚ್ಚರಿಸುತ್ತಿದ್ದೆನೋ ತಿಳಿಯದು. ದೇವರೊಂದಿಗಿನ ಸಂಬಂಧವೆಂದರೆ ನಾನು ಮತ್ತು ಆತನು ಮಾತ್ರವೆಂದು ಭಾವಿಸಿದ್ದೇ ನನ್ನ ದೊಡ್ಡ ತಪ್ಪು. ಒಂದು ಕೊಂಬೆ ಬಳ್ಳಿಗೆ ಅಂಟಿಕೊಂಡಿದ್ದರೆ ಅದೇ ಬಳ್ಳಿಯ ಉಳಿದ ಕೊಂಬೆಗಳಿಗೂ ಅದು ಅಂಟಿಕೊಂಡೇ ಇರುತ್ತದೆ. ಅದೇ 15ನೇ ಅಧ್ಯಾಯದಲ್ಲಿ, ನನ್ನಲ್ಲಿ ನೆಲೆಗೊಂಡಿರಿ ಎಂಬ ಮಾತಿನ ಬೆನ್ನಿಗೇ 12ನೇ ವಚನದಲ್ಲಿ ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂಬ ಆಜ್ಞೆ ಬರುತ್ತದೆ.

ಆಮೇಲಿನ ತಿಂಗಳುಗಳಲ್ಲಿ ನಾನು ಮಾಡಿದ್ದು ಬಹಳ ಸಣ್ಣ ಕೆಲಸಗಳು. ಸಭೆಯ ಜವಾಬ್ದಾರಿಗಳಲ್ಲಿ ಎರಡನ್ನು ಬೇರೆಯವರಿಗೆ ಒಪ್ಪಿಸಿದೆ. ಒಪ್ಪಿಸುವಾಗ ಮನಸ್ಸು ನೊಂದಿತು, ಆ ನೋವೇ ಅವುಗಳಿಗೆ ನಾನು ಎಷ್ಟು ಜೋತುಬಿದ್ದಿದ್ದೆನೆಂದು ತೋರಿಸಿತು. ಬೆಳಿಗ್ಗೆ ಐದಕ್ಕೆ ಎದ್ದು ಮಾಳಿಗೆಗೆ ಹೋಗುತ್ತೇನೆ, ಮೊಬೈಲ್ ಕೆಳಗಿನ ಅಡುಗೆಮನೆಯಲ್ಲಿ ಉಳಿಯುತ್ತದೆ. ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂದು ಮತ್ತಾಯನ 6ನೇ ಅಧ್ಯಾಯ ಹೇಳುತ್ತದೆ, ಆದರೆ ಎರಡು ಕೋಣೆಯ ಮನೆಯಲ್ಲಿ ಮುಚ್ಚಲು ಅಂಥ ಬಾಗಿಲಿಲ್ಲ. ನನಗೆ ಮಾಳಿಗೆಯ ಮೆಟ್ಟಿಲೇ ಬಾಗಿಲು. ಅಲ್ಲಿ ಕುಳಿತಾಗ ಹತ್ತಿರದ ಮಸೀದಿಯ ಆಜಾನ್ ಕೇಳುತ್ತದೆ, ಬೆಳಕು ಮೂಡಿದಂತೆ ಗೋಳಗುಮ್ಮಟದ ಗುಂಡು ನೆತ್ತಿ ಕಾಣತೊಡಗುತ್ತದೆ. ಊರಿನಲ್ಲಿ ಆ ಹೊತ್ತಿಗೆ ದೇವರನ್ನು ನೆನೆಯಲು ಎದ್ದವನು ನಾನೊಬ್ಬನೇ ಅಲ್ಲವೆಂಬುದು ನನಗೆ ಸಂತೋಷದ ವಿಷಯ. ಯೇಸುವೂ ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದನೆಂದು ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯದಲ್ಲಿದೆ. ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎಂದು ಶಿಷ್ಯರು ಬಂದು ಹೇಳುವುದೂ ಅಲ್ಲಿಯೇ ಇದೆ. ಅಷ್ಟು ಜನ ಹುಡುಕುತ್ತಿದ್ದಾಗಲೂ ಆತನಿಗೆ ಮೊದಲು ತಂದೆಯೊಂದಿಗೆ ಇರಬೇಕಾಗಿತ್ತು.

ಮಾಳಿಗೆಯ ಮೇಲೆ ಬೈಬಲಿನ ಕೀರ್ತನೆಗಳಲ್ಲಿ ದಿನಕ್ಕೊಂದನ್ನು ಬಾಯಿಬಿಟ್ಟು ಓದುತ್ತೇನೆ. ಒಟ್ಟು 150 ಕೀರ್ತನೆಗಳಿರುವುದರಿಂದ ಒಂದು ಸುತ್ತಿಗೆ ಐದು ತಿಂಗಳು ಹಿಡಿಯುತ್ತದೆ. ನನ್ನ ಬಳಿ ಮಾತುಗಳಿಲ್ಲದಿದ್ದಾಗ ಅವು ನನಗೆ ಮಾತು ಕೊಟ್ಟವು. 23ನೇ ಕೀರ್ತನೆಯನ್ನು ಎಲ್ಲರೂ ಬಲ್ಲರು, ಆದರೆ ನನಗೆ ಹೆಚ್ಚು ಆಸರೆಯಾದದ್ದು 88ನೆಯದು. ಹೆಚ್ಚಿನ ಪ್ರಲಾಪ ಕೀರ್ತನೆಗಳು ಕೊನೆಯಲ್ಲಿ ಸ್ತೋತ್ರದ ಕಡೆಗೆ ತಿರುಗುತ್ತವೆ, ಇದು ತಿರುಗುವುದಿಲ್ಲ. ಹೀಬ್ರೂವಿನಲ್ಲಿ ಅದರ ಕೊನೆಯ ಪದವೇ ಕತ್ತಲೆ. ಅಂಥ ಮೊರೆಯನ್ನೂ ದೇವಜನರು ತೆಗೆದುಹಾಕದೆ ತಮ್ಮ ಪ್ರಾರ್ಥನೆಯ ಪುಸ್ತಕದಲ್ಲಿ ಉಳಿಸಿಕೊಂಡರೆಂದರೆ, ದೇವರ ಮುಂದೆ ಒಣ ಮನಸ್ಸಿನಿಂದ ಕೂರಲು ನಾಚಬೇಕಾಗಿಲ್ಲವೆಂದು ನಾನು ತಿಳಿದುಕೊಂಡೆ.

ಜೂನ್ ಮೊದಲ ವಾರ ಮತ್ತೆ ತೋಟಕ್ಕೆ ಹೋದೆ. ಚಪ್ಪರ ಮತ್ತೆ ಹಸಿರಾಗಿತ್ತು, ಆದರೆ ಡ್ರಿಪ್ ನೀರನ್ನು ಆ ಹಿರಿಯರು ಬೇಕೆಂದೇ ಕಡಿಮೆ ಮಾಡಿದ್ದರು. ಕಾರಣ ಕೇಳಿದಾಗ, ಚಾಟ್ನಿಯಾದ ಮೇಲೆ ಸುಮಾರು 40ರಿಂದ 60 ದಿನಗಳ ನಡುವೆ ಎಳೆಯ ಕಡ್ಡಿಯ ಕಣ್ಣಿನೊಳಗೆ ಮುಂದಿನ ಗೊನೆ ರೂಪುಗೊಳ್ಳುತ್ತದೆಂದು ವಿವರಿಸಿದರು. ಆ ದಿನಗಳಲ್ಲಿ "ನೀರ ಹೆಚ್ಚಾದ್ರ ಬರೇ ಎಲಿ ಆಗತೈತ್ರಿ" ಎಂದರು. ಎಲೆ ದಟ್ಟವಾದರೆ ಕಣ್ಣಿನ ಮೇಲೆ ಬಿಸಿಲು ಬೀಳುವುದಿಲ್ಲ, ಬಿಸಿಲು ಬೀಳದ ಕಣ್ಣಿನಲ್ಲಿ ಗೊನೆ ಕಟ್ಟುವುದಿಲ್ಲ. ಫೆಬ್ರುವರಿಯಲ್ಲಿ ಕಾಣುವ ಗೊನೆ ಹಿಂದಿನ ಬೇಸಿಗೆಯಲ್ಲೇ, ನೀರು ಕಡಿಮೆಯಿರುವ ದಿನಗಳಲ್ಲಿ ಹೊರಗೆ ಯಾವ ಗುರುತೂ ಇಲ್ಲದೆ ಒಳಗೆ ಮೂಡಿರುತ್ತದೆ. ನಾನೊಂದು ಕಡ್ಡಿಯನ್ನು ಬಗ್ಗಿಸಿ ನೋಡಿದೆ. ಕಣ್ಣು ಒಂದು ಜೋಳದ ಕಾಳಿನಷ್ಟೂ ದೊಡ್ಡದಿರಲಿಲ್ಲ, ಮೇಲೆ ಕಂದು ಪೊರೆ. ಒಳಗೆ ಏನಿದೆಯೆಂದು ತಿಳಿಯಬೇಕಾದರೆ ಅದನ್ನು ಸೀಳಿ ಸೂಕ್ಷ್ಮದರ್ಶಕದ ಕೆಳಗೆ ಇಡಬೇಕು. ಅಕ್ಟೋಬರಿನ ಮುಂಚೆ ಕೆಲವು ಕಡ್ಡಿಗಳನ್ನು ಹಾಗೆ ಪರೀಕ್ಷೆಗೆ ಕಳುಹಿಸುತ್ತಾರಂತೆ. ಸೀಳಿದ ಕಣ್ಣು ಮತ್ತೆ ಚಿಗುರುವುದಿಲ್ಲ.

ಪ್ರತಿದಿನ ಪ್ರಾರ್ಥನೆ ಮುಗಿದ ಕೂಡಲೇ, ಇವತ್ತು ದೇವರು ಹತ್ತಿರವಿದ್ದನೇ, ನನಗೆ ಏನಾದರೂ ಅನಿಸಿತೇ ಎಂದು ಒಳಗೆ ತಡಕಾಡುವ ನನ್ನ ಹಳೆಯ ಚಾಳಿಯನ್ನು ಆ ದಿನದಿಂದ ಬಿಡಲು ಪ್ರಯತ್ನಿಸುತ್ತಿದ್ದೇನೆ. ಕೀರ್ತನೆ ಓದುತ್ತೇನೆ, ಹೆಸರು ಹೆಸರಾಗಿ ನನ್ನವರಿಗಾಗಿ ಬೇಡುತ್ತೇನೆ, ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ, ಆಮೇಲೆ ಕೆಳಗಿಳಿದು ಶಾಲೆಗೆ ಸಿದ್ಧನಾಗುತ್ತೇನೆ.

ಅಕ್ಟೋಬರ್ ಚಾಟ್ನಿ ಇನ್ನು ಹದಿನೈದು ದಿನಗಳಲ್ಲಿ ಶುರುವಾಗುತ್ತದೆ. ಈ ಸಲ ಬೇರೆ ರೀತಿ ಕಡಿಯುತ್ತಾರೆ, ಕಡ್ಡಿಯಲ್ಲಿ ಹೆಚ್ಚು ಕಣ್ಣುಗಳನ್ನು ಉಳಿಸಿ, ಅವು ಒಟ್ಟಿಗೆ ಒಡೆಯಲೆಂದು ಕೈಗವಸು ಹಾಕಿಕೊಂಡು ಒಂದೊಂದಕ್ಕೂ ಪೇಸ್ಟ್ ಹಚ್ಚುತ್ತಾರೆ. ಅದನ್ನು ನೋಡಲು ಹೋಗುವವನಿದ್ದೇನೆ ಎಂದು ಕಳೆದ ವಾರ ತಮ್ಮನಿಗೆ ಹೇಳಿದೆ. ಯಾವ ವಾರವೆಂದು ಕೇಳಿದ, ಶನಿವಾರವೆಂದೆ. "ಬೈಕ್ ಮ್ಯಾಲ ಹೋಗೂಣು, ಬಸ್ಸಿಗೆ ಯಾಕ ನಿಲ್ತಿ" ಎಂದ.