ಮೈದಾನಕ್ಕೆ ಯಾರ್ಯಾರು ಬಂದರು, ಎಣಿಸುವುದು ಹೇಗೆ

1969ರ ಬೇಸಿಗೆಯಲ್ಲಿ ಸ್ಲೈ ಅಂಡ್ ದ ಫ್ಯಾಮಿಲಿ ಸ್ಟೋನ್ ಅನ್ನುವ ಅಮೆರಿಕದ ಸಂಗೀತ ತಂಡ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಯ ಪಾರ್ಕೊಂದರಲ್ಲಿ ಹಾಡಿತು. ಪ್ರವೇಶ ಉಚಿತ, ಎದುರಿಗೆ ಬಹುತೇಕ ಕಪ್ಪು ಜನ. ಅದೇ ವರ್ಷದ ಆಗಸ್ಟಿನಲ್ಲಿ, ಸುಮಾರು ನೂರು ಮೈಲಿ ಆಚೆ, ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ಹಾಡಿದಾಗ ಎದುರಿಗಿದ್ದವರು ಬಹುತೇಕ ಬಿಳಿಯರು. ಎರಡೂ ಕಡೆ ಹಾಡಿದ್ದು ಕಪ್ಪು–ಬಿಳಿ, ಗಂಡು–ಹೆಣ್ಣು ಕೂಡಿದ್ದ ಅದೇ ತಂಡ. ಬೇರೆಯಾದದ್ದು ಜಾಗ, ಟಿಕೆಟ್ಟು, ಅಲ್ಲಿಗೆ ಹೋಗುವ ದಾರಿ. ವೇದಿಕೆ ನೋಡಿ ಕೇಳುಗರನ್ನು ಅಂದಾಜು ಮಾಡಬಾರದು ಅನ್ನುವುದು ಇದಕ್ಕೇ.

ಬಳ್ಳಾರಿಯಲ್ಲಿ ರಾಕ್ ಬ್ಯಾಂಡ್ ಕರೆಸಿದರೆ ಕನ್ನಡ, ತೆಲುಗು, ಉರ್ದು ಮೂರೂ ಮನೆಗಳ ಹುಡುಗರು ಬರುತ್ತಾರೆ. ತೋರಣಗಲ್ಲಿನ ಕಾರ್ಖಾನೆ ಕಡೆಯಿಂದ ಹಿಂದಿಯವರೂ ಉಂಟು. ಸಿಂಧನೂರಿನಲ್ಲಾದರೆ ಕ್ಯಾಂಪುಗಳ, ಅಂದರೆ ಹೊರಗಿನಿಂದ ಬಂದು ನೆಲೆಸಿದವರ ಊರುಗಳ, ತೆಲುಗರು, ಬಂಗಾಳಿಗಳು. ಕೊಪ್ಪಳದ ಕಡೆ ತಾಂಡಾಗಳ ಲಂಬಾಣಿಗರು. ಯಾರು ಎಷ್ಟು ಬಂದರು ಅಂತ ಕಣ್ಣಳತೆಯಲ್ಲಿ ಹೇಳಲಾಗದು.

12,000 ಜನ ನಿರೀಕ್ಷೆ ಇದ್ದರೆ ಗೇಟಿನಲ್ಲಿ ಪ್ರತಿ 30ನೆಯವರಿಗೆ ಮನೆಮಾತು ಯಾವುದೆಂದು ಕೇಳಿ. 400 ಉತ್ತರ ಸಿಗುತ್ತವೆ, ಶೇ. 5ರಷ್ಟು ಹೆಚ್ಚುಕಡಿಮೆಯಲ್ಲಿ ಲೆಕ್ಕ ನಿಲ್ಲುತ್ತದೆ. ತಲೆ ಎಣಿಸಬೇಕು, ಗುಂಪಲ್ಲ: ಗುಂಪು ಎಣಿಸಿದರೆ ಎಂಟು ಜನರ ಕುಟುಂಬವೂ ಒಂದೇ, ಒಂಟಿ ಹುಡುಗನೂ ಒಂದೇ ಆಗಿಬಿಡುತ್ತದೆ. 30ನೆಯವರು ಒಲ್ಲೆ ಅಂದರೆ ಅದನ್ನೂ ಬರೆದುಕೊಂಡು ಮುಂದಿನವರನ್ನು ಕೇಳಿ. ಆಯ್ಕೆಯನ್ನು ಸ್ವಯಂಸೇವಕರಿಗೆ ಬಿಟ್ಟರೆ ತಮ್ಮ ಹಾಗೆ ಕಾಣುವವರನ್ನೇ ನಿಲ್ಲಿಸುತ್ತಾರೆ. ಕೈಯಲ್ಲಿ ಎಣಿಕೆ ಯಂತ್ರ ಇರಲೇಬೇಕು.

ಪ್ರಶ್ನೆ ಒಂದೇ: “ಮನ್ಯಾಗ ಏನ್ ಮಾತಾಡ್ತೀರಿ?” “ನೀವು ಯಾವ ಜನ?” ಅಂತ ಅಪ್ಪಿತಪ್ಪಿಯೂ ಕೇಳಬೇಡಿ. ನಮ್ಮ ಕಡೆ ಅದು ಜಾತಿ ಕೇಳಿದ ಹಾಗೆ. ಹಾಡು ಕೇಳಲು ಬಂದವರನ್ನು ಬಾಗಿಲಲ್ಲೇ ನೋಯಿಸಿದಂತೆ. “ಮನ್ಯಾಗ ತೆಲುಗು, ಹೊರಗ ಕನ್ನಡ, ದೋಸ್ತರ ಕೂಡ ಉರ್ದು” ಅನ್ನುವವರು ಬಳ್ಳಾರಿಯಲ್ಲಿ ಸಿಕ್ಕೇ ಸಿಗುತ್ತಾರೆ. ಪ್ರಶ್ನೆ ಮನೆಯದಾದ್ದರಿಂದ ತೆಲುಗಿಗೆ ಗುರುತು ಹಾಕಿ. ಮನೆಯಲ್ಲೇ ಎರಡಿದ್ದರೆ ಎರಡಕ್ಕೂ ಹಾಕಿ; ಶೇಕಡಾವಾರು ಮೊತ್ತ ನೂರು ದಾಟಿದರೆ ದಾಟಲಿ.

ಲೆಕ್ಕ ಕೆಡುವುದು ಹೆಚ್ಚಾಗಿ ಹೊತ್ತಿನಿಂದ. 6ರಿಂದ 7ರವರೆಗೆ ಮಾತ್ರ ಎಣಿಸಿದರೆ ಅಂಗಡಿ ಮುಚ್ಚಿ 8ರ ಮೇಲೆ ಬರುವವರೆಲ್ಲ ತಪ್ಪಿಹೋಗುತ್ತಾರೆ. ಪಾಸಿನ ಗೇಟಿನ ಲೆಕ್ಕ ಬೇರೆ ಹಾಳೆಯಲ್ಲಿರಲಿ, ಅಲ್ಲಿನ ಜನವೇ ಬೇರೆ. ಮಹಿಳೆಯರ ಗೇಟಿಗೆ ಮಹಿಳೆಯರೇ ನಿಲ್ಲಲಿ.

ಹಾಳೆಯಲ್ಲಿ ತಾಂಡಾದವರ ಭಾಷೆಯ ಸಾಲು ಖಾಲಿ ಇದ್ದರೆ ಅವರಿಗೆ ಈ ಹಾಡು ಹಿಡಿಸದು ಅಂತ ತೀರ್ಮಾನಿಸುವ ಮೊದಲು ಕೊನೆಯ ಬಸ್ಸಿನ ವೇಳೆ ನೋಡಿ. ಕಾರ್ಯಕ್ರಮ 10.30ಕ್ಕೆ ಮುಗಿದು ಬಸ್ಸು 9ಕ್ಕೇ ಹೋಗಿದ್ದರೆ ಉತ್ತರ ಅಲ್ಲೇ ಇದೆ.

ಮೊದಲ 100 ಉತ್ತರ ಸಿಕ್ಕ ಕೂಡಲೇ ಹಾಳೆಯನ್ನು ಮೈಕಿನವರಿಗೆ ಮುಟ್ಟಿಸಿ. ಮಗು ತಪ್ಪಿಸಿಕೊಂಡರೆ, ಗೇಟು ಬದಲಾದರೆ, ಯಾವ ಯಾವ ಭಾಷೆಯಲ್ಲಿ ಕೂಗಬೇಕು ಅಂತ ಅವರಿಗೆ ಆಗಲೇ ಗೊತ್ತಿರಬೇಕು. ಆ ಭಾಷೆಗಳಲ್ಲಿ ಪ್ರಕಟಣೆ ಓದುವವರು ವೇದಿಕೆಯ ಪಕ್ಕದಲ್ಲೇ ಕೂತಿರಬೇಕು.