ಆಲ್ಬುಮಿನ್‌ಗೆ ಅಂಟಿದ ಔಷಧ, ಅಂಟದೆ ಉಳಿದ ಔಷಧ

12 ಫೆಬ್ರವರಿ 2024, ಸೋಮವಾರ

ಇಂದು ಸ್ನಾತಕೋತ್ತರ ಫಾರ್ಮಸಿ ವಿದ್ಯಾರ್ಥಿಗಳು ರಕ್ತದಲ್ಲಿ ಹೇರಳವಾಗಿರುವ ಮಾನವ ಸೀರಮ್ ಆಲ್ಬುಮಿನ್ ಎಂಬ ಪ್ರೋಟೀನಿನ ದ್ರಾವಣಕ್ಕೆ ಫಿನೈಲ್‌ಬ್ಯುಟಜೋನ್ ಎಂಬ ಹಳೆಯ ಉರಿಯೂತ ನಿವಾರಕವನ್ನು ಸ್ವಲ್ಪಸ್ವಲ್ಪವಾಗಿ ಸೇರಿಸುತ್ತ, ಪ್ರೋಟೀನು ಹೊಮ್ಮಿಸುವ ಬೆಳಕು ಪ್ರತಿ ಸಲವೂ ಎಷ್ಟು ಕುಗ್ಗಿತೆಂದು ಅಳೆದರು. 585 ಅಮೈನೋ ಆಮ್ಲಗಳ ಆ ಸರಪಳಿಯಲ್ಲಿ ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲ ಇರುವುದು ಒಂದೇ ಒಂದು, 214ನೆಯ ಸ್ಥಾನದಲ್ಲಿ. 295 ನ್ಯಾನೊಮೀಟರ್‌ನ ಬೆಳಕು ಹಾಯಿಸಿದಾಗ ಮುಖ್ಯವಾಗಿ ಹೊಳೆಯುವುದು ಅದೇ; ಔಷಧದ ಅಣು ಅದರ ಪಕ್ಕದ ಕುಳಿಯಲ್ಲಿ ಸೇರಿಕೊಂಡರೆ ಹೊಳಪು ತಗ್ಗುತ್ತದೆ. ಔಷಧವೇ ಬೆಳಕನ್ನು ಹೀರಿಕೊಂಡಾಗಲೂ ಹಾಗೆಯೇ ಕಾಣುವುದರಿಂದ, ಅದಕ್ಕೆ ತಕ್ಕ ತಿದ್ದುಪಡಿ ಮಾಡದೆ ಔಷಧ ಎಷ್ಟು ಬಲವಾಗಿ ಅಂಟುತ್ತದೆಂದು ತಿಳಿಸುವ ಬಂಧದ ಸ್ಥಿರಾಂಕವನ್ನು ಬರೆದುಕೊಳ್ಳಲು ನಾನು ಯಾರಿಗೂ ಬಿಡಲಿಲ್ಲ.

ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಡೈಕ್ಲೊಫೆನ್ಯಾಕ್ ಎಂಬ ನೋವು ನಿವಾರಕಗಳೆಲ್ಲ ದುರ್ಬಲ ಆಮ್ಲಗಳು. ರಕ್ತದ ಪಿಹೆಚ್ 7.4 ಇರುವುದರಿಂದ ಅಲ್ಲಿ ಅವುಗಳ ಒಂದು ತುದಿ ಋಣ ವಿದ್ಯುದಂಶ ಹೊತ್ತಿರುತ್ತದೆ, ಉಳಿದ ಭಾಗ ನೀರಿಗಿಂತ ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುವಂಥದ್ದು. ಆಲ್ಬುಮಿನ್‌ನ ಕುಳಿಗಳಲ್ಲಿ ಈ ಎರಡಕ್ಕೂ ಅನುಕೂಲವಿದೆ: ಒಳಗೋಡೆ ನೀರನ್ನು ದೂರವಿಡುತ್ತದೆ, ಅಲ್ಲಲ್ಲಿ ಆರ್ಜಿನಿನ್, ಲೈಸಿನ್‌ಗಳ ಧನ ವಿದ್ಯುದಂಶವಿರುತ್ತದೆ. ಸಡ್ಲೋ ಮತ್ತು ಸಂಗಡಿಗರು 1975ರಲ್ಲಿ ವಿವರಿಸಿದ, ಔಷಧ ಅಂಟುವ ಎರಡು ತಾಣಗಳಲ್ಲಿ ಮೊದಲನೆಯದನ್ನು ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮತ್ತು ಫಿನೈಲ್‌ಬ್ಯುಟಜೋನ್ ಹಿಡಿಯುತ್ತವೆ. ಐಬುಪ್ರೊಫೆನ್‌ಗೆ ಮುಖ್ಯವಾಗಿ ಎರಡನೆಯದು.

ಹೀಗೆ ನುಂಗಿದ ಐಬುಪ್ರೊಫೆನ್‌ನಲ್ಲಿ ರಕ್ತ ಸೇರಿದ್ದರ ಶೇಕಡಾ 99ರಷ್ಟು ಆಲ್ಬುಮಿನ್‌ಗೆ ಅಂಟಿರುತ್ತದೆ. ರಕ್ತನಾಳ ದಾಟಿ ನೋವಿನ ಜಾಗದ ಕಿಣ್ವವನ್ನು ತಡೆಯುವುದು ಬಿಡುವಾಗಿರುವ ಉಳಿದ ಅಂಶ ಮಾತ್ರ. ಅದು ಖರ್ಚಾದಂತೆ ಅಂಟಿದ್ದು ಕ್ಷಣಮಾತ್ರದಲ್ಲಿ ಬಿಡಿಸಿಕೊಂಡು ಬರುತ್ತದೆ. ಪ್ರಯೋಗಶಾಲೆಯ ವರದಿಯಲ್ಲಿ ಸಾಮಾನ್ಯವಾಗಿ ಸಿಗುವುದಾದರೋ ಎರಡರ ಒಟ್ಟು ಮೊತ್ತ. ಯಕೃತ್ತು ಸೊರಗಿ ಆಲ್ಬುಮಿನ್ ಇಳಿದ ರೋಗಿಯಲ್ಲಿ ಆ ಮೊತ್ತ ಕಡಿಮೆಯಿದ್ದರೂ ಬಿಡುವಾದ ಅಂಶ ಸಾಕಷ್ಟಿರಬಹುದು; ಕಡಿಮೆ ಕಂಡಿತೆಂದು ಪ್ರಮಾಣ ಏರಿಸಿದರೆ ಅಪಾಯ ಅಲ್ಲಿಯೇ ಇದೆ. ನ್ಯಾಪ್ರಾಕ್ಸೆನ್‌ನಲ್ಲಂತೂ 500 ಮಿಲಿಗ್ರಾಂ ದಾಟಿದ ಮೇಲೆ ತಾಣಗಳು ತುಂಬುತ್ತ ಬರುವುದರಿಂದ, ಪ್ರಮಾಣ ಏರಿದಷ್ಟು ಒಟ್ಟು ಮಟ್ಟ ಏರುವುದಿಲ್ಲ.

ಒಬ್ಬ ವಿದ್ಯಾರ್ಥಿನಿ ಕೇಳಿದಳು: “ಸರ್, 99 ಇದ್ದದ್ದು 98ಕ್ಕೆ ಇಳಿದರೆ ಬಿಡುವಾದ ಔಷಧ ಎರಡರಷ್ಟಾಗುತ್ತದಲ್ಲ, ವಾರ್ಫರಿನ್ ಜೊತೆ ಫಿನೈಲ್‌ಬ್ಯುಟಜೋನ್ ಕೊಟ್ಟಾಗ ರಕ್ತಸ್ರಾವ ಆಗುವುದು ಇದರಿಂದಲೇ ಅಲ್ಲವೇ?” ಪಠ್ಯಗಳು ಬಹುಕಾಲ ಹೇಳಿದ್ದೂ ಇದನ್ನೇ. ಆದರೆ ವಾರ್ಫರಿನ್‌ನಂಥ ಔಷಧದಲ್ಲಿ ಬಿಡುಗಡೆಯಾದದ್ದು ಅಂಗಾಂಶಗಳಿಗೆ ಹರಡುತ್ತದೆ, ಯಕೃತ್ತು ಅದನ್ನು ಹೆಚ್ಚಾಗಿ ವಿಲೇವಾರಿ ಮಾಡುತ್ತದೆ, ಬಿಡುವಾದ ಮಟ್ಟ ಬೇಗನೆ ಮೊದಲಿನಂತಾಗುತ್ತದೆ. ರಕ್ತಸ್ರಾವದ ಮುಖ್ಯ ಕಾರಣ ಬೇರೆ: ವಾರ್ಫರಿನ್‌ನ ಎರಡು ರೂಪಗಳಲ್ಲಿ ಹೆಚ್ಚು ಪ್ರಬಲವಾದ ಎಸ್-ವಾರ್ಫರಿನ್ ಅನ್ನು ಒಡೆಯುವ ಯಕೃತ್ತಿನ ಕಿಣ್ವವನ್ನೇ ಫಿನೈಲ್‌ಬ್ಯುಟಜೋನ್ ತಡೆಯುತ್ತದೆ. ತಾಣದ ಪೈಪೋಟಿ ನಮ್ಮ ನಳಿಕೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ ಎಂಬ ಒಂದೇ ಕಾರಣಕ್ಕೆ ರೋಗಿಯ ದೇಹದಲ್ಲೂ ಅದೇ ನಡೆಯಿತೆಂದು ತೀರ್ಮಾನಿಸುವುದು ನನಗೆ ಒಪ್ಪಿಗೆಯಿಲ್ಲ.

ಪೈಪೋಟಿ ನಿಜಕ್ಕೂ ಹಾನಿ ಮಾಡುವ ಕಡೆಯೆಂದರೆ ನವಜಾತ ಶಿಶು. ಕಾಮಾಲೆಯಿರುವ ಮಗುವಿನಲ್ಲಿ ಆಲ್ಬುಮಿನ್ ಹಿಡಿದಿಟ್ಟ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಆಸ್ಪಿರಿನ್ ಜಾತಿಯ ಸ್ಯಾಲಿಸಿಲೇಟ್ ಹೊರದೂಡಬಲ್ಲದು. ಅದನ್ನು ವಿಲೇವಾರಿ ಮಾಡುವ ಶಕ್ತಿ ಆ ಯಕೃತ್ತಿಗೆ ಇನ್ನೂ ಪೂರ್ತಿ ಬಂದಿರುವುದಿಲ್ಲವಾದ್ದರಿಂದ ಬಿಲಿರುಬಿನ್ ಮೆದುಳಿಗೆ ಇಳಿಯುತ್ತದೆ.